ಬಿಡದೆ ನಡೆಯುವುದು ಹೇಗೆ? ಕೊಡಗಿನ ಕ್ರೈಸ್ತರು ಪದೇ ಪದೇ ಕೇಳುವ ಪ್ರಶ್ನೆಗಳು

ಸಿದ್ದಾಪುರದ ಕಡೆಯ ಕಾಫಿ ತೋಟವೊಂದರಲ್ಲಿ ಮೂವತ್ತನಾಲ್ಕು ವರ್ಷ ರೈಟರ್ ಆಗಿದ್ದೆ. ಬೆಳಗ್ಗೆ ಚೆಕ್‌ರೋಲ್ ಹಿಡಿದು ಹಾಜರಿ ಹಾಕುವುದು, ಸಂಜೆ ತೂಕ ಬರೆಯುವುದು, ವಾರಕ್ಕೊಮ್ಮೆ ಬಟವಾಡೆ. ಈಗ ನಿವೃತ್ತ. ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ, ಪ್ರಾಟೆಸ್ಟೆಂಟರದು) ಸಭೆಯ ಹಿರಿಯರಲ್ಲಿ ನಾನೂ ಒಬ್ಬ. ಭಾನುವಾರ ಆರಾಧನೆ ಮುಗಿದ ಮೇಲೆ ಜಗಲಿಯಲ್ಲಿ ಜನ ನನ್ನನ್ನು ನಿಲ್ಲಿಸಿಕೊಳ್ಳುತ್ತಾರೆ. ಸಭಾಪಾಲಕರ ಮುಂದೆ ಬಾಯಿ ಬಿಡಲು ಅವರಿಗೆ ಸಂಕೋಚ, ಹಳೆಯ ರೈಟರ್ ಎದುರು ಅದಿಲ್ಲ. ಪ್ರಶ್ನೆಗಳು ಹತ್ತು ಹದಿನೈದೇ, ಕೇಳುವವರು ಬೇರೆ ಬೇರೆ. ಅದಕ್ಕೇ ಬರೆದಿಟ್ಟಿದ್ದೇನೆ. ದೇವಶಾಸ್ತ್ರ ಓದಿದವನಲ್ಲ ನಾನು. ನನ್ನ ಹೆಂಡತಿ ವಿರಾಜಪೇಟೆಯ ಕಥೋಲಿಕ ಮನೆಯವಳು. ಬರೆದದ್ದನ್ನೆಲ್ಲ ಓದಿ ತಿದ್ದಿದ್ದಾಳೆ, ಕೆಲವು ಕಡೆ ನನಗೆ ಒಪ್ಪಿಗೆಯಿಲ್ಲದಿದ್ದರೂ.

ಪ್ರಾರ್ಥನೆಗೆ ಕುಳಿತರೆ ಮನಸ್ಸಿಗೆ ಏನೂ ಅನ್ನಿಸುವುದಿಲ್ಲ. ನಂಬಿಕೆ ಹೋಯಿತು ಎಂದು ತಿಳಿಯಬೇಕೇ?

ಇಲ್ಲ. ನಮ್ಮ ಚೆಕ್‌ರೋಲಿನಲ್ಲಿ ಹೆಸರಿಗೆ ಕಾಲಂ ಇತ್ತು, ದಿನಕ್ಕೆ ಕಾಲಂ ಇತ್ತು, ಮನಸ್ಸಿಗೆ ಇರಲಿಲ್ಲ. ಹಿಂದಿನ ರಾತ್ರಿ ಜಗಳವಾಡಿ ಬಂದವರಿಗೂ ಹಾಡುತ್ತ ಬಂದವರಿಗೂ ಒಂದೇ ಗುರುತು. ಪ್ರಾರ್ಥನೆಯಲ್ಲಿ ಅನುಭವ ಬಂದರೆ ಸಂತೋಷ. ಬಾರದ ದಿನ ನೀವು ಅಲ್ಲಿ ಕುಳಿತಿದ್ದಿರಲ್ಲ, ಅದೂ ಲೆಕ್ಕಕ್ಕೆ ಬರುತ್ತದೆ.

ಸತ್ಯವೇದದಲ್ಲಿಯೇ ನೋಡಿ. ಹದಿಮೂರನೆಯ ಕೀರ್ತನೆ ಶುರುವಾಗುವುದೇ ‘ಎಷ್ಟರವರೆಗೆ’ ಎಂಬ ಮಾತಿನಿಂದ. ಮೊದಲ ಎರಡು ವಚನಗಳೊಳಗೆ ನಾಲ್ಕು ಸಲ ಅದೇ ಪ್ರಶ್ನೆ. ಎಂಬತ್ತೆಂಟನೆಯ ಕೀರ್ತನೆಯಂತೂ ಕತ್ತಲೆಯಲ್ಲಿಯೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಇವನ್ನು ಬರೆದವರನ್ನು ಯಾರೂ ಅವಿಶ್ವಾಸಿಗಳೆಂದು ಹೊರಗೆ ಹಾಕಲಿಲ್ಲ. ಅವರ ದೂರನ್ನು ಪ್ರಾರ್ಥನೆಯ ಪುಸ್ತಕದೊಳಗೇ ಸೇರಿಸಿದರು.

ಸ್ವಂತ ಮಾತು ಒಣಗಿದಾಗ ಬೇರೆಯವರ ಮಾತನ್ನು ಎರವಲು ತೆಗೆದುಕೊಳ್ಳಿ. ಕರ್ತರ ಪ್ರಾರ್ಥನೆ ಸಾಕು, ಒಂದು ಕೀರ್ತನೆ ಸಾಕು. ಹೆಂಡತಿಯ ಜಪಸರವನ್ನು ಕಂಡು ನಾನು ಬಹಳ ವರ್ಷ ನಗುತ್ತಿದ್ದೆ, ಒಂದೇ ಮಾತನ್ನು ಐವತ್ತು ಸಲ ಹೇಳಿದರೆ ದೇವರಿಗೆ ಬೇಸರ ಬರುವುದಿಲ್ಲವೇ ಎಂದು. ಅವಳ ತಂದೆ ತೀರಿಕೊಂಡ ವಾರ ಅವಳಿಗೆ ಬೇರೆ ಯಾವ ಮಾತೂ ಬರಲಿಲ್ಲ. ಮಣಿ ಮಾತ್ರ ಬೆರಳಿನಲ್ಲಿ ಸರಿಯುತ್ತಿತ್ತು. ನಗುವುದನ್ನು ಅಂದೇ ಬಿಟ್ಟೆ.

ಒಂದು ಎಚ್ಚರಿಕೆ. ಪ್ರಾರ್ಥನೆಯಷ್ಟೇ ಅಲ್ಲ, ಊಟ, ನಿದ್ದೆ, ಮಕ್ಕಳ ಮುಖ ಯಾವುದೂ ಬೇಡವೆನಿಸಿ ವಾರಗಟ್ಟಲೆ ಆಗಿದ್ದರೆ ಅದು ಆತ್ಮಿಕ ಬರಗಾಲವಲ್ಲ, ಕಾಯಿಲೆ ಇರಬಹುದು. ವೈದ್ಯರನ್ನು ನೋಡಿ. ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿ ಮಾತನಾಡಬಹುದು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಇದಕ್ಕೆ ಏಕೆ ನಾಚಬೇಕು?

ಧ್ಯಾನಕೂಟದಿಂದ ಬಂದಾಗ ಇದ್ದ ಉತ್ಸಾಹ ಎರಡೇ ವಾರಕ್ಕೆ ಇಳಿದುಹೋಗುತ್ತದೆ. ಏಕೆ?

ಕೊಡಗಿಗೆ ಪ್ರಸಂಗಕ್ಕೆಂದು ಬರುವವರೆಲ್ಲ ಕಾಫಿ ಹೂವಿನ ಹೋಲಿಕೆ ಕೊಡದೆ ಹೋಗುವುದಿಲ್ಲ. ಹೂಮಳೆ ಬಿತ್ತು, ತೋಟ ಬೆಳ್ಳಗಾಯಿತು, ಪರಿಮಳ ಹರಡಿತು! ನಿಜವೇ. ಆದರೆ ಆ ಹೂವು ನಿಲ್ಲುವುದು ಕೆಲವೇ ದಿನ. ಹೂವಿನಿಂದ ಹಣ್ಣಿಗೆ ಅರೇಬಿಕಾಕ್ಕೆ ಎಂಟು ಒಂಬತ್ತು ತಿಂಗಳು, ರೋಬಸ್ಟಾಕ್ಕೆ ಹತ್ತು ಹನ್ನೊಂದು. ನಡುವೆ ಗೊಬ್ಬರ, ಕಳೆ, ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು), ಚಿಗುರು ತೆಗೆಯುವುದು. ಅದನ್ನು ನೋಡಲು ಯಾವ ಪ್ರವಾಸಿಯೂ ಬರುವುದಿಲ್ಲ. ಉತ್ಸಾಹ ಇಳಿದದ್ದು ಸೋಲಲ್ಲ, ಹೂವು ಉದುರಿದೆ ಅಷ್ಟೇ.

ಬೆಳಗ್ಗೆ ಅಡುಗೆ, ಮಕ್ಕಳು, ಎಂಟು ಗಂಟೆಗೆ ತೋಟದ ಕೆಲಸ. ಸಂಜೆ ಬಂದರೆ ನೀರು, ಸೌದೆ, ಮತ್ತೆ ಅಡುಗೆ. ಪ್ರಾರ್ಥನೆಗೆ ಸಮಯ ಎಲ್ಲಿ?

ಈ ಪ್ರಶ್ನೆಯನ್ನು ಇಲ್ಲಿಯವರೆಗೆ ಒಬ್ಬ ಗಂಡಸೂ ನನ್ನನ್ನು ಕೇಳಿಲ್ಲ.

ಒಂದು ಗಂಟೆ ಬೇಗ ಏಳಿ ಎಂದು ನಾನು ಹೇಳುವುದಿಲ್ಲ. ಐದಕ್ಕೆ ಎದ್ದವರಿಗೆ ನಾಲ್ಕಕ್ಕೆ ಏಳಲು ಹೇಳುವುದು ಸುಲಭ, ಹೇಳುವವರು ಆರೂವರೆಗೆ ಏಳುವವರಾದರೆ. ತೋಟದ ಕೂಲಿಯವರ ಲೈನ್ ಮನೆಯ ಹೆಂಗಸೊಬ್ಬರು ಮಾಡುತ್ತಿದ್ದುದನ್ನು ಹೇಳುತ್ತೇನೆ. ಒಲೆ ಹಚ್ಚುವಾಗ ಒಂದು ವಚನ, ವಾರವಿಡೀ ಅದೇ ವಚನ. ನಲ್ಲಿಯ ಬಳಿ ಕೊಡ ತುಂಬುವಷ್ಟು ಹೊತ್ತು ಒಬ್ಬರ ಹೆಸರು ಹೇಳಿ ಅವರಿಗಾಗಿ ಬೇಡಿಕೆ, ಎರಡನೆಯ ಕೊಡಕ್ಕೆ ಇನ್ನೊಬ್ಬರ ಹೆಸರು. ರಾತ್ರಿ ಚಾಪೆಯ ಮೇಲೆ ‘ಇವತ್ತು ಮುಗಿಯಿತು, ಸ್ತೋತ್ರ’. ಅವರಿಗೆ ಓದಲು ಬರುತ್ತಿರಲಿಲ್ಲ. ವಚನವನ್ನು ಪ್ರತಿ ಭಾನುವಾರ ಮಗಳಿಂದ ಕೇಳಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ನಮ್ಮ ಸಭೆಯಲ್ಲಿ ಅವರಷ್ಟು ವಚನ ಬಲ್ಲವರನ್ನು ನಾನು ಕಂಡಿಲ್ಲ.

ಗಂಡಂದಿರಿಗೆ ಒಂದು ಮಾತು: ಬೆಳಗಿನ ಚಹಾ ನೀವು ಕಾಯಿಸಿ. ಅವರಿಗೆ ಹದಿನೈದು ನಿಮಿಷ ಸಿಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಕರೆಂಟ್ ಇಲ್ಲ, ಬಸ್ ನಂಬುವಂತಿಲ್ಲ. ಮೊಬೈಲಿನಲ್ಲಿ ಆರಾಧನೆ ನೋಡಿದರೆ ಸಾಲದೇ?

ಹೊಳೆ ತುಂಬಿ ದಾರಿ ಮುಚ್ಚಿದ್ದರೆ ಧಾರಾಳವಾಗಿ ನೋಡಿ, ಸಿಗ್ನಲ್ ಇದ್ದರೆ. ಆದರೆ ಮೊಬೈಲಿನಲ್ಲಿ ನೀವು ಅವರನ್ನು ನೋಡುತ್ತೀರಿ, ನಿಮ್ಮನ್ನು ಯಾರೂ ನೋಡುವುದಿಲ್ಲ. ಕೂಡಿಬರುವುದನ್ನು ಬಿಡಬೇಡಿ ಎಂದು ಇಬ್ರಿಯರಿಗೆ ಬರೆದ ಪತ್ರಿಕೆ ಹೇಳುವುದು ಒಬ್ಬರನ್ನೊಬ್ಬರು ಹುರಿದುಂಬಿಸಲಿಕ್ಕಾಗಿ. ಹತ್ತಿರದ ಎರಡು ಮೂರು ಮನೆಯವರು ಒಂದು ಮನೆಯಲ್ಲಿ ಸೇರಿ, ಒಂದು ಮೇಣದ ಬತ್ತಿ ಸಾಕು. ಹಾಸಿಗೆ ಹಿಡಿದವರಿದ್ದರೆ ಸಭಾಪಾಲಕರಿಗೋ ಫಾದರ್‌ಗೋ ತಿಳಿಸಿ. ಪ್ರಭುಭೋಜನವನ್ನು ಮನೆಗೆ ತಂದುಕೊಡುವ ರೂಢಿ ಎರಡೂ ಕಡೆ ಇದೆ. ಎಷ್ಟೋ ಮನೆಯವರು ಕೇಳುವುದೇ ಇಲ್ಲ.

ಕೆಲಸದಲ್ಲಿ ಸಣ್ಣಪುಟ್ಟ ಸುಳ್ಳು ಬರೆಯಬೇಕಾಗುತ್ತದೆ. ಅದಕ್ಕೂ ನಂಬಿಕೆಗೂ ಏನು ಸಂಬಂಧ?

ಇದಕ್ಕೆ ಉತ್ತರ ಉದ್ದವಾಗುತ್ತದೆ, ಏಕೆಂದರೆ ಇದರಲ್ಲಿ ನಾನು ಬಿದ್ದಿದ್ದೇನೆ.

ಹಣ್ಣು ಕೊಯ್ಯುವ ಕಾಲದಲ್ಲಿ ಕೂಲಿ ಕಿಲೋ ಲೆಕ್ಕ. ಸಂಜೆ ಚೀಲ ಹೊತ್ತು ತಂದು ತಕ್ಕಡಿಗೆ ಹಾಕುತ್ತಾರೆ, ರೈಟರ್ ಬರೆಯುತ್ತಾನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇಲಿನವರು ಹೇಳಿದರು: ಚೀಲದ ತೂಕ, ನೀರಿನ ತೂಕ ಎಂದು ಪ್ರತಿ ಚೀಲಕ್ಕೆ ಎರಡು ಕಿಲೋ ಕಳೆದು ಬರೆ. ಖಾಲಿ ಚೀಲ ಒಂದು ಕಿಲೋ ಕೂಡ ತೂಗುವುದಿಲ್ಲ ಎಂದು ನನಗೂ ಗೊತ್ತಿತ್ತು, ಕೊಯ್ದವರಿಗೂ ಗೊತ್ತಿತ್ತು. ಬರೆದೆ. ಎರಡು ಹಂಗಾಮು ಹಾಗೆಯೇ ಬರೆದೆ. ಭಾನುವಾರ ಗೀತೆ ಹಾಡುತ್ತಿದ್ದೆ, ಸೋಮವಾರ ಎರಡು ಕಿಲೋ ಕಳೆಯುತ್ತಿದ್ದೆ. ಮೋಸದ ತಕ್ಕಡಿ ಕರ್ತನಿಗೆ ಅಸಹ್ಯವೆಂದು ಜ್ಞಾನೋಕ್ತಿಗಳ ಪುಸ್ತಕದಲ್ಲಿ ಇರುವುದು ನನಗೆ ತಿಳಿಯದ್ದೇನಲ್ಲ. ತಿಳಿದದ್ದು ಕೈಗೆ ಇಳಿಯಲು ಹೊತ್ತು ಬೇಕಾಯಿತು.

ಮೂರನೆಯ ವರ್ಷ ಖಾಲಿ ಚೀಲವನ್ನೇ ತಕ್ಕಡಿಗೆ ಹಾಕಿ, ಬಂದ ತೂಕವನ್ನಷ್ಟೇ ಕಳೆಯುತ್ತೇನೆ ಎಂದೆ. ಧೈರ್ಯದಿಂದ ಹೇಳಿದೆ ಎಂದುಕೊಳ್ಳಬೇಡಿ, ಗಂಟಲು ಒಣಗಿತ್ತು. ಕೆಲಸ ಹೋಗಲಿಲ್ಲ. ಆದರೆ ಆ ವರ್ಷದ ಸಂಬಳ ಏರಿಕೆ ನನಗೆ ಬರಲಿಲ್ಲ, ಮನೆಯಲ್ಲಿ ಅದನ್ನು ವಿವರಿಸುವುದು ಮೇಲಿನವರಿಗೆ ಹೇಳಿದ್ದಕ್ಕಿಂತ ಕಷ್ಟವಾಯಿತು. ಹಿಂದಿನ ಎರಡು ಹಂಗಾಮಿನಲ್ಲಿ ಕಳೆದದ್ದನ್ನು ಹಿಂದಿರುಗಿಸಲು ನನ್ನಿಂದ ಆಗಲೇ ಇಲ್ಲ. ಕೆಲವರು ಬೇರೆ ತೋಟಕ್ಕೆ ಹೋಗಿದ್ದರು, ಕೆಲವರು ತೀರಿಕೊಂಡಿದ್ದರು. ಕ್ಷಮೆ ಸಿಕ್ಕಿದೆ ಎಂದು ನಂಬುತ್ತೇನೆ. ಆ ಪುಸ್ತಕದ ಪುಟಗಳು ಮಾತ್ರ ಈಗಲೂ ಕಣ್ಣಿಗೆ ಕಟ್ಟುತ್ತವೆ.

2018ರ ಭೂಕುಸಿತ ನೋಡಿದ ಮೇಲೂ ದೇವರು ಒಳ್ಳೆಯವನೆಂದು ಹೇಗೆ ಹೇಳುತ್ತೀರಿ?

ಆ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯ ಕಡೆ ಗುಡ್ಡಗಳೇ ಜಾರಿದವು. ಮರು ವರ್ಷದ ಆಗಸ್ಟ್‌ನಲ್ಲಿ ವಿರಾಜಪೇಟೆ ಕಡೆಯ ತೋರ, ಅದರ ಮರು ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಸತತ ಮೂರು ವರ್ಷ. ಈಗಲೂ ಆಗಸ್ಟ್‌ನ ರಾತ್ರಿ ಮಳೆ ಜೋರಾದರೆ ಎದ್ದು ಕುಳಿತುಕೊಳ್ಳುವ ಮನೆಗಳಿವೆ.

ಇದು ಇಂಥವರ ಪಾಪಕ್ಕೆ ಬಂದ ಶಿಕ್ಷೆ ಎಂದು ಆಗ ಹೇಳಿದವರಿದ್ದರು, ನಮ್ಮವರಲ್ಲೂ ಇದ್ದರು. ಅವರು ಲೂಕನ ಸುವಾರ್ತೆಯ ಹದಿಮೂರನೆಯ ಅಧ್ಯಾಯ ಓದಬೇಕು. ಸಿಲೋವದಲ್ಲಿ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತ ಸುದ್ದಿಯನ್ನು ಎತ್ತಿ, ಅವರು ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರೆಂದು ನೆನಸುತ್ತೀರೋ ಎಂದು ಯೇಸು ಕೇಳುತ್ತಾರೆ. ಇಲ್ಲ ಎಂದು ಅವರೇ ಉತ್ತರವನ್ನೂ ಕೊಡುತ್ತಾರೆ. ಹಾಗಾದರೆ ಏಕಾಯಿತು ಎಂಬುದಕ್ಕೆ ಅಲ್ಲಿ ವಿವರಣೆ ಇಲ್ಲ. ನನ್ನಲ್ಲೂ ಇಲ್ಲ.

ಯೋಬನ ಗೆಳೆಯರು ಏಳು ದಿನ ಅವನ ಪಕ್ಕ ನೆಲದ ಮೇಲೆ ಮಾತಿಲ್ಲದೆ ಕುಳಿತಿದ್ದರು. ಅವರು ಸರಿಯಾಗಿ ಮಾಡಿದ್ದು ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. ಪರಿಹಾರ ಕೇಂದ್ರಕ್ಕೆ ಅಕ್ಕಿ, ಕಂಬಳಿ ಹೊತ್ತುಕೊಂಡು ಹೋದಾಗ ನನ್ನ ತಲೆಯಲ್ಲಿ ಒಂದು ಸಣ್ಣ ಪ್ರಸಂಗವೂ ಸಿದ್ಧವಾಗಿತ್ತು. ಮುದುಕರೊಬ್ಬರು ನನ್ನ ಜೇಬಿನ ಪೆನ್ನು ನೋಡಿ, ಅರ್ಜಿ ಬರೆದುಕೊಡುತ್ತೀರಾ ಎಂದು ಕೇಳಿದರು. ರೇಷನ್ ಕಾರ್ಡ್, ಆರ್‌ಟಿಸಿ, ಬ್ಯಾಂಕ್ ಪುಸ್ತಕ ಎಲ್ಲವೂ ಮಣ್ಣಿನಡಿ. ಸಂಜೆಯವರೆಗೆ ಅರ್ಜಿ ಬರೆದೆ, ಒಂದಾದ ಮೇಲೊಂದು. ಪ್ರಸಂಗ ಅಲ್ಲಿಯೇ ಉಳಿಯಿತು. ದೇವರು ಒಳ್ಳೆಯವನು ಎಂದು ನಾನು ಹೇಳುವುದು ಗುಡ್ಡ ನೋಡಿ ಅಲ್ಲ, ಶಿಲುಬೆ ನೋಡಿ. ಮಣ್ಣಿನಡಿ ಸಿಕ್ಕವರ ಕಡೆಗೆ ಆತನೂ ಇದ್ದ ಎನ್ನುವಷ್ಟೇ ನನಗೆ ಗೊತ್ತು.

ಅನುಮಾನ ಬರುವುದು ಪಾಪವೇ?

ಮಾರ್ಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಒಬ್ಬ ತಂದೆ, ನಂಬುತ್ತೇನೆ ಎಂದವನೇ ನನ್ನ ಅಪನಂಬಿಕೆಗೆ ಸಹಾಯಮಾಡು ಎಂದು ಕೂಗುತ್ತಾನೆ. ಯೇಸು ಅವನ ಮಗನನ್ನು ವಾಸಿಮಾಡಿದರು. ಮೊದಲು ಅನುಮಾನ ಸರಿಮಾಡಿಕೊಂಡು ಬಾ ಎನ್ನಲಿಲ್ಲ.

ಹುತ್ತರಿ ಹಬ್ಬಕ್ಕೂ ಕೈಲ್ ಮುಹೂರ್ತದ ಹಬ್ಬಕ್ಕೂ ಪಕ್ಕದ ಕೊಡವ ಮನೆಯವರು ಊಟಕ್ಕೆ ಕರೆಯುತ್ತಾರೆ. ಹೋಗಬಹುದೇ?

ಹೋಗಿ. ಹುತ್ತರಿಯ ರಾತ್ರಿ ಕದಿರು ತೆಗೆಯುವಾಗ ಗದ್ದೆಯ ಬದುವಿನ ಮೇಲೆ ನಾನೂ ನಿಂತಿದ್ದೇನೆ. ಗುಂಡು ಹಾರಿದಾಗ ಬೆಚ್ಚಿಬಿದ್ದಿದ್ದೇನೆ, ತಂಬಿಟ್ಟು ತಿಂದಿದ್ದೇನೆ. ಬೆಳೆ ಬಂದ ಸಂತೋಷ ಎಲ್ಲರದು. ಪೂಜೆಯಲ್ಲಿ ನಾನು ಸೇರುವುದಿಲ್ಲ. ಅದು ಅವರಿಗೂ ಗೊತ್ತು, ಅವರು ಬೇಸರಪಟ್ಟುಕೊಂಡಿಲ್ಲ. ಪ್ರಸಾದದ ವಿಷಯದಲ್ಲಿ ನಮ್ಮವರು ಒಂದೇ ರೀತಿ ಯೋಚಿಸುವುದಿಲ್ಲ. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ಎಂಟರಿಂದ ಹತ್ತನೆಯ ಅಧ್ಯಾಯದವರೆಗೆ ಓದಿ, ನಿಮ್ಮ ಮನಸ್ಸಾಕ್ಷಿ ಒಪ್ಪಿದಂತೆ ನಡೆಯಿರಿ. ತಿನ್ನದವರು ತಿಂದವರನ್ನು ಹೀಯಾಳಿಸಬಾರದು, ತಿಂದವರು ತಿನ್ನದವರನ್ನು ಗೇಲಿ ಮಾಡಬಾರದು. ಬೇಡವೆಂದರೆ ಮೆಲ್ಲನೆ ಬೇಡವೆನ್ನಿ. ಕ್ರಿಸ್ಮಸ್‌ಗೆ ನನ್ನ ಹೆಂಡತಿ ಮಾಡುವ ಕುಸ್ವಾರಿನ (ಹಬ್ಬದ ತಿಂಡಿಗಳ) ತಟ್ಟೆ ಮೊದಲು ಹೋಗುವುದು ಆ ಮನೆಗೇ.

ಇದು ಪರದೇಶದ ಧರ್ಮ ಎಂದು ಕೆಲಸದ ಜಾಗದಲ್ಲಿ ಚುಚ್ಚುತ್ತಾರೆ. ಏನು ಹೇಳಲಿ?

ಸಿಟ್ಟಾಗಬೇಡಿ, ಇತಿಹಾಸ ತಿಳಿದುಕೊಳ್ಳಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕಥೋಲಿಕರಿಗೆ ವಿರಾಜಪೇಟೆಯಲ್ಲಿ ನೆಲೆ ಕೊಟ್ಟವನು ದೊಡ್ಡ ವೀರರಾಜೇಂದ್ರ, ಲಿಂಗಾಯತ ಅರಸ. ಸಂತ ಅನ್ನಮ್ಮನವರ ದೇವಾಲಯ ಅಲ್ಲಿ 1792ರಿಂದ ಇದೆ. ನನ್ನ ಹೆಂಡತಿ ಇದನ್ನು ನನಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ, ಅವರದು ನಮಗಿಂತ ಹಳೆಯದೆಂದು ತೋರಿಸಲು.

ನಮ್ಮ ಕಡೆಯ ಕಥೆ 1853ರದು. ಅದಕ್ಕೆ ಹತ್ತು ವರ್ಷ ಹಿಂದೆ ‘ಮಂಗಳೂರು ಸಮಾಚಾರ’ ಪತ್ರಿಕೆ ಶುರುಮಾಡಿದ್ದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಆ ವರ್ಷ ಕೊಡಗಿಗೆ ಬಂದರು. ಸಿದ್ದಾಪುರದ ಹತ್ತಿರ ಆನಂದಪುರ ಎಂಬ ಊರು ಎದ್ದಿತು. ಅಲ್ಲಿ ನೆಲೆಯಾದವರು ಬಹುಪಾಲು ಸ್ವಂತ ನೆಲವಿಲ್ಲದ ಕೂಲಿ ಕುಟುಂಬಗಳವರು. ಮೋಗ್ಲಿಂಗ್ 1860ರಲ್ಲಿ ಜರ್ಮನಿಗೆ ಹಿಂದಿರುಗಿದರು. ಕೊಡಗಿನಲ್ಲಿ ಅವರು ಇದ್ದದ್ದು ಏಳು ವರ್ಷ ಅಷ್ಟೇ. ಉಳಿದವರು ಆ ಕೂಲಿಯವರು, ಅವರ ಮಕ್ಕಳು, ಮೊಮ್ಮಕ್ಕಳು. ಪರದೇಶದವರು ಊರು ಬಿಟ್ಟ ಮೇಲೂ ಬಿಡದೆ ನಡೆದವರು ಈ ಮಣ್ಣಿನವರೇ. ಮಡಿಕೇರಿ ಕೋಟೆಯೊಳಗೆ ಬ್ರಿಟಿಷರು ಕಟ್ಟಿಸಿಕೊಂಡ ಸಂತ ಮಾರ್ಕರ ಚರ್ಚು ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ಗಂಡ ಕುಡಿದು ಬಂದು ಹೊಡೆಯುತ್ತಾನೆ. ಸಹಿಸಿಕೋ, ಅದೇ ನಿನ್ನ ಶಿಲುಬೆ ಎನ್ನುತ್ತಾರೆ.

ಹಾಗೆ ಹೇಳಿದವರು ತಪ್ಪು ಹೇಳಿದ್ದಾರೆ. ಶಿಲುಬೆಯನ್ನು ಯೇಸು ತಾವಾಗಿ ಹೊತ್ತರು, ಯಾರೋ ಕುಡಿದು ಬಂದು ಹೇರಲಿಲ್ಲ. ನಂಬಿಕೆಯಲ್ಲಿ ತಾಳ್ಮೆ ಎಂದರೆ ಪೆಟ್ಟು ತಿನ್ನುವುದಲ್ಲ. ಈ ರಾತ್ರಿಯೇ ಅಪಾಯವಿದ್ದರೆ ಮಕ್ಕಳೊಂದಿಗೆ ನಂಬುವ ಮನೆಗೆ ಹೋಗಿ, 112ಕ್ಕೆ ಕರೆ ಮಾಡಿ. ಮಹಿಳಾ ಸಹಾಯವಾಣಿ 181. ಕೌಟುಂಬಿಕ ಹಿಂಸೆಯಿಂದ ರಕ್ಷಣೆಗೆ 2005ರ ಕಾಯಿದೆ ಇದೆ. ಅದರ ಮೊರೆ ಹೋಗುವುದು ಗಂಡನಿಗೆ ಮಾಡುವ ದ್ರೋಹವಲ್ಲ. ಅವನಿಗಾಗಿ ಪ್ರಾರ್ಥಿಸುವುದನ್ನು ದೂರದಿಂದಲೂ ಮಾಡಬಹುದು. ಕುಡಿತ ಬಿಡಿಸಲು ಚಿಕಿತ್ಸೆ ಇದೆ, ಆದರೆ ಅವನು ಬಿಡುವವರೆಗೆ ನೀವು ಹೊಡೆಸಿಕೊಳ್ಳಬೇಕೆಂದು ಯಾವ ವಚನವೂ ಹೇಳುವುದಿಲ್ಲ.

ನಂಬಿಕೆ ಸಾಲದ್ದರಿಂದಲೇ ಕಾಯಿಲೆ ವಾಸಿಯಾಗಲಿಲ್ಲ ಎಂದು ಪ್ರಾರ್ಥನಾ ಕೂಟದಲ್ಲಿ ಹೇಳಿದರು. ನಿಜವೇ?

ಪೌಲ ತನ್ನ ಶರೀರದ ಮುಳ್ಳು ತೆಗೆಯೆಂದು ಮೂರು ಸಲ ಬೇಡಿಕೊಂಡ, ಮುಳ್ಳು ಹೋಗಲಿಲ್ಲ. ಪೌಲನಿಗೆ ನಂಬಿಕೆ ಸಾಲದು ಎನ್ನುವ ಧೈರ್ಯ ಯಾರಿಗಿದೆ? ಪ್ರಾರ್ಥಿಸಿ, ಪ್ರಾರ್ಥನೆ ಮಾಡಿಸಿಕೊಳ್ಳಿ. ಮಾತ್ರೆ ನಿಲ್ಲಿಸು ಎನ್ನುವವರ ಕೂಟಕ್ಕೆ ಮಾತ್ರ ಮತ್ತೆ ಹೋಗಬೇಡಿ.

ಮಗ ಬೆಂಗಳೂರಿಗೆ ಹೋದ ಮೇಲೆ ಚರ್ಚಿಗೆ ಹೋಗುವುದನ್ನೇ ಬಿಟ್ಟಿದ್ದಾನೆ. ನಾವು ಎಲ್ಲಿ ತಪ್ಪಿದೆವು?

ಬಹುಶಃ ಎಲ್ಲಿಯೂ ಅಲ್ಲ. ಬಹುಶಃ ಹಲವು ಕಡೆ. ನನ್ನ ಮಗನೂ ಹಾಗೆಯೇ. ಮೊದಲ ಎರಡು ವರ್ಷ ಪ್ರತಿ ಭಾನುವಾರ ಕರೆ ಮಾಡಿ ‘ಹೋಗಿದ್ದೆಯಾ?’ ಎಂದು ಕೇಳುತ್ತಿದ್ದೆ, ಚೆಕ್‌ರೋಲ್ ಹಿಡಿದವನ ಹಾಗೆ. ಅವನು ಭಾನುವಾರ ಫೋನ್ ಎತ್ತುವುದನ್ನೇ ಬಿಟ್ಟ. ಹೆಂಡತಿ ಬುಧವಾರ ಕರೆ ಮಾಡಿ ‘ಊಟ ಮಾಡಿದೆಯಾ ಮಗನೇ?’ ಎಂದು ಕೇಳುತ್ತಿದ್ದಳು, ಅವಳ ಕರೆಯನ್ನು ತಪ್ಪದೆ ಎತ್ತುತ್ತಿದ್ದ. ಈಗ ನಾನೂ ಬುಧವಾರ ಅವಳ ಪಕ್ಕದಲ್ಲಿ ಕೂರುತ್ತೇನೆ. ಕಳೆದ ಕ್ರಿಸ್ಮಸ್‌ಗೆ ಊರಿಗೆ ಬಂದವನು ಆರಾಧನೆಗೆ ನಮ್ಮ ಜೊತೆ ಬಂದ. ಈಸ್ಟರ್‌ಗೆ ಬರಲಿಲ್ಲ. ನಾವು ಪ್ರಾರ್ಥನೆ ಬಿಟ್ಟಿಲ್ಲ, ಕೇಳುವುದನ್ನು ಬಿಟ್ಟಿದ್ದೇವೆ.

ನಲವತ್ತು ವರ್ಷದಿಂದ ನಂಬಿಗಸ್ತನಾಗಿದ್ದೇನೆ. ನಿನ್ನೆ ಬಂದವನಿಗೂ ಅದೇ ಕೃಪೆ ಎಂದರೆ ಅನ್ಯಾಯವಲ್ಲವೇ?

ಮತ್ತಾಯನ ಸುವಾರ್ತೆ ಇಪ್ಪತ್ತನೆಯ ಅಧ್ಯಾಯದ ದ್ರಾಕ್ಷೇತೋಟದ ಸಾಮ್ಯ ನನ್ನನ್ನು ಕಾಡಿದಷ್ಟು ಬೇರೆ ಯಾವುದೂ ಕಾಡಿಲ್ಲ. ಬೆಳಗ್ಗಿನಿಂದ ಬಿಸಿಲಲ್ಲಿ ದುಡಿದವನಿಗೂ ಸಂಜೆ ಒಂದು ಗಂಟೆ ದುಡಿದವನಿಗೂ ಒಂದೇ ಕೂಲಿ! ಅಂಥ ಬಟವಾಡೆ ನಾನು ಮಾಡಿದ್ದರೆ ಮರುದಿನ ತೋಟದಲ್ಲಿ ಮುಷ್ಕರ. ಸಾಲದ್ದಕ್ಕೆ ಕೊನೆಯಲ್ಲಿ ಬಂದವರನ್ನೇ ಮೊದಲು ಕರೆದು ಕೊಡುತ್ತಾರೆ, ಉಳಿದವರು ನೋಡಲಿ ಎಂಬಂತೆ.

ಬಹಳ ಕಾಲ ನಾನು ಬೆಳಗ್ಗಿನಿಂದ ದುಡಿದವರ ಸಾಲಿನಲ್ಲಿ ನಿಂತೇ ಅದನ್ನು ಓದುತ್ತಿದ್ದೆ. ನಿವೃತ್ತನಾದ ಮೇಲೆ ಒಮ್ಮೆ ಓದುವಾಗ, ಕೊನೆಯ ಗಂಟೆಯವರು ಏಕೆ ನಿಂತಿದ್ದರು ಎಂಬುದು ಕಣ್ಣಿಗೆ ಬಿತ್ತು: ಯಾರೂ ನಮ್ಮನ್ನು ಕೆಲಸಕ್ಕೆ ಕರೆಯಲಿಲ್ಲ ಎನ್ನುತ್ತಾರೆ. ಅಂಥವರನ್ನು ನಾನು ಕಂಡಿದ್ದೇನೆ. ಕೆಲಸವಿಲ್ಲದ ದಿನ ಗೇಟಿನ ಹೊರಗೆ ಬುತ್ತಿ ಕಟ್ಟಿಕೊಂಡು ಬಂದು ನಿಂತು, ಮಧ್ಯಾಹ್ನದವರೆಗೂ ಕಾದು, ಬುತ್ತಿ ಬಿಚ್ಚದೆ ಹಿಂದಿರುಗುತ್ತಿದ್ದರು. ಹೊಟ್ಟೆಗೆ ಬೇಕಾದದ್ದು ಅವರಿಗೂ ಒಂದು ದಿನದ ಕೂಲಿಯೇ. ನಲವತ್ತು ವರ್ಷ ನಿಮಗೆ ಕೆಲಸ ಇತ್ತು. ಅದನ್ನು ನಷ್ಟ ಎಂದು ಬರೆದುಕೊಳ್ಳಬೇಡಿ.

ಎಂಟು ವರ್ಷದಿಂದ ದೇವಾಲಯದ ಕಡೆ ಮುಖ ಹಾಕಿಲ್ಲ. ಈಗ ಬರಲು ನಾಚಿಕೆ.

ಬನ್ನಿ. ಯಾರೂ ಕೇಳುವುದಿಲ್ಲ ಎಂದು ಸುಳ್ಳು ಹೇಳಲಾರೆ. ಎರಡನೆಯ ಸಾಲಿನಲ್ಲಿ ಕೂರುವ ಒಬ್ಬರು ಖಂಡಿತ ಕೇಳುತ್ತಾರೆ, ‘ಇಷ್ಟು ದಿನ ಎಲ್ಲಿದ್ದಿರಿ?’ ಎಂದು. ಅವರು ಎಲ್ಲರನ್ನೂ ಕೇಳುತ್ತಾರೆ, ನನ್ನನ್ನು ಒಂದು ವಾರ ತಪ್ಪಿದರೂ ಕೇಳುತ್ತಾರೆ. ‘ಈಗ ಬಂದಿದ್ದೇನೆ’ ಎಂದರೆ ಸಾಕು. ಹಿಂದಿನ ಬೆಂಚು ಖಾಲಿ ಇರುತ್ತದೆ, ಗೀತೆಯ ಪುಸ್ತಕ ಕಿಟಕಿಯ ಕಟ್ಟೆಯ ಮೇಲೆ. ಆರಾಧನೆ ಒಂಬತ್ತಕ್ಕೆ. ಕೊಡೆಯನ್ನು ಜಗಲಿಯಲ್ಲೇ ಬಿಟ್ಟು ಬನ್ನಿ, ಒಳಗೆ ತಂದರೆ ನೆಲ ಜಾರುತ್ತದೆ.